ಕುಚ್ಚಲಕ್ಕಿ ಬೇಯುವಷ್ಟು ತೋಡಿ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಬೆಳಗಿನ ಅನ್ನವು ಶಾಸ್ತ್ರೀಯ ಸಂಗೀತದಿಂದ ಬೇಯುತ್ತದೆ. ಬೆಂಕಿ ಮತ್ತು ನೀರಿನ ಸೇವೆಯನ್ನು ಯಾರೂ ಅಲ್ಲಗಳೆಯುತ್ತಿಲ್ಲ, ಆದರೆ ಅವು ಸಹಾಯಕ ಸಿಬ್ಬಂದಿ ಮಾತ್ರ. ನಮ್ಮ ನಾದವಾಣಿ ಬಾನುಲಿ ಕೇಂದ್ರದ ಬೆಳಗಿನ ಕಚೇರಿಯಲ್ಲಿ ವರ್ಣ ಶುರುವಾದಾಗ ಕುಚ್ಚಲಕ್ಕಿಯನ್ನು ಕುದಿಯುವ ನೀರಿಗೆ ಹಾಕಬೇಕು. ರಾಗಾಲಾಪನೆಗೆ ಮುಚ್ಚಳ ಸರಿಸಬೇಕು. ಮೃದಂಗದವರು ತನಿ ಆವರ್ತನ ಬಾರಿಸುವಾಗ ಒಮ್ಮೆ ಸೌಟು ಹಾಕಿ ತೊಳಸಬೇಕು. ಮಂಗಳ ಹಾಡಿದ ಕೂಡಲೇ ಇಳಿಸಿ ತೆಳಿ, ಅಂದರೆ ಗಂಜಿನೀರು, ಬಗ್ಗಿಸಬೇಕು. ಇದು ಇಲ್ಲಿನ ಕ್ರಮ, ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಕೇಂದ್ರದ ಪ್ರಕಟಣೆಗಳನ್ನು ಬರೆಯುವವನು ನಾನು. ಓದುವವನೂ ನಾನೇ. ಆದ್ದರಿಂದ ಕೇಳುಗರೊಂದಿಗೆ ನಮ್ಮ ಸಂಬಂಧ ಎಷ್ಟು ಅನ್ಯೋನ್ಯವಾದದ್ದು ಎಂದು ಹೇಳುವ ಅಧಿಕಾರ ನನಗಿದೆ. ಒಮ್ಮೆ ತ್ರಾಸಿಯ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸನ್ನು ನಮ್ಮ ಸಂಗೀತ ಕೇಳುತ್ತೀರಾ ಎಂದು ವಿಚಾರಿಸಿದೆ. "ಕೇಂಬುದೆಂತಕೆ? ದಿನಾ ಹಾಕ್ತೆ" ಎಂದರು. ಇಷ್ಟು ಗಟ್ಟಿಯಾದ ನಂಟು ಬೇರೆ ಯಾವ ಬಾನುಲಿಗೂ ಇರಲಿಕ್ಕಿಲ್ಲ.

ಈ ನಂಟಿಗೆ ಮೊದಲ ಪೆಟ್ಟು ಬಿದ್ದದ್ದು ವಿದ್ವಾನ್ ರವಿಚಂದ್ರರಿಂದ. ಅವರು ನಂಬಿಕಸ್ತ ಗಾಯಕರು. ಅವರ ಹಾಡಿಗೆ ಅಗುಳು ಅಗುಳಾಗಿ ಬಿಡಿಬಿಡಿಯಾಗಿ ಬೇಯುವ ಅನ್ನಕ್ಕೆ 'ರವಿಚಂದ್ರರ ಅನ್ನ' ಎಂಬ ಹೆಸರೇ ಇತ್ತು. ಒಂದು ದಿನ ಖರಹರಪ್ರಿಯ ಹಾಡುವಾಗ ಪಿಟೀಲಿನ ವಿನಯಾ ಏನೋ ಒಂದು ಸಂಗತಿ ನುಡಿಸಿದಳು. ವಿದ್ವಾಂಸರಿಗೆ ಖುಷಿಯಾಗಿಬಿಟ್ಟಿತು. ಇಷ್ಟು ವರ್ಷಗಳಲ್ಲಿ ಆಗದ್ದು ಆ ದಿನ ಆಯಿತು. ಅವರು ಕಣ್ಣು ಮುಚ್ಚಿ ಹಾಡುತ್ತಲೇ ಹೋದರು, ಮಂಗಳ ಬರಲೇ ಇಲ್ಲ.

ಗಂಗೊಳ್ಳಿಯಿಂದ ಮೊದಲ ಫೋನ್ ಬಂತು. ಮಾತಾಡಿದವರು ಜಲಜ, ಬಂದರಿನಲ್ಲಿ ಮೀನು ಮಾರುವವರು, ಗಂಜಿ ಉಂಡೇ ಮನೆ ಬಿಡುವವರು.

"ಹ್ವಾಯ್, ರೇಡಿಯೋದವ್ರಾ? ನಿಮ್ ಪದ ಹೇಳುವವ್ರಿಗೆ ಎಂತ ಆಯ್ತ್ ಇವತ್ತ್?"

"ಅವರು ಮೈಮರೆತು ಹಾಡಿದ್ದಾರಮ್ಮ."

"ಅವ್ರ್ ಎಂತ ಬೇಕಾರೂ ಮರೀಲಿ. ನನ್ ಅನ್ನ ಅಂಟ್ ಆಯ್ತಲ್ಲ ಮರಾಯ್ರೆ! ಗೋಡಿಗೆ ಪೋಸ್ಟರ್ ಹಚ್ಚುಕೆ ಅಡ್ಡಿಲ್ಲೆ ಅದ್ರಲ್ಲಿ."

"ನೀವು ಒಮ್ಮೆ ಮುಚ್ಚಳ ತೆಗೆದು ನೋಡಬಹುದಿತ್ತಲ್ಲ?"

"ನಾವೇ ಕಾಂಬುದಾರೆ ರೇಡಿಯೋ ಎಂತಕೆ?"

ನಿಲಯ ನಿರ್ದೇಶಕ ಸುಧಾಕರ ಹೊಳ್ಳರ ಸೂಚನೆಯಂತೆ ನಾನು ಈ ಪ್ರಕಟಣೆಯನ್ನು ಓದಿದೆ: "ಕೇಳುಗರ ಗಮನಕ್ಕೆ. ಇಂದಿನ ಖರಹರಪ್ರಿಯ ರಾಗವು ಕಲಾವಿದರ ವೈಯಕ್ತಿಕ ಸಂತೋಷದ ಕಾರಣದಿಂದ ದೀರ್ಘವಾಗಿದ್ದು, ಇದಕ್ಕಾಗಿ ಕೇಂದ್ರವು ವಿಷಾದಿಸುತ್ತದೆ. ಮುಂದೆ ಇಂಥ ಸಂತೋಷ ಮರುಕಳಿಸದಂತೆ ಎಚ್ಚರ ವಹಿಸಲಾಗುವುದು."

ಎಚ್ಚರ ವಹಿಸಲು ನಾದ-ಪಾಕ ಸಮನ್ವಯ ಸಮಿತಿ ಎಂಬುದನ್ನು ರಚಿಸಲಾಯಿತು. ತ್ರಾಸಿಯ ಅಮ್ಮಣ್ಣಿಯವರು ಅಧ್ಯಕ್ಷೆಯಾದರು. ಸಂಗೀತಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲವಾದ್ದರಿಂದ ಪಕ್ಷಪಾತದ ಭಯವಿರಲಿಲ್ಲ. ಅವರು ಮೊದಲ ಸಭೆಯಲ್ಲೇ ಕೈ ಇರುವ ಕುರ್ಚಿ ಕೇಳಿದರು, ಎರಡನೆಯದರಲ್ಲಿ ಅದಕ್ಕೆ ದಿಂಬು ಕೇಳಿದರು. ಅಕ್ಕಿ ಗಿರಣಿಯ ಜಿತೇಂದ್ರ ಶೆಟ್ಟರು ಪ್ರಾಯೋಜಕರಾಗಿ ಬಂದು, ಪರೀಕ್ಷೆಗೆ ತಮ್ಮ ಗಿರಣಿಯ ಅಕ್ಕಿಯನ್ನೇ ಬಳಸತಕ್ಕದ್ದು ಎಂದು ವಿನಯದಿಂದ ಒತ್ತಾಯಿಸಿದರು. ಮಾರನೇ ವಾರವೇ ಅವರ ಚೀಲಗಳ ಮೇಲೆ 'ವಿದ್ವಾಂಸರು ಒಪ್ಪಿದ ಅಕ್ಕಿ' ಎಂದು ಅಚ್ಚಾಯಿತು. ವಿದ್ವಾಂಸರನ್ನು ಯಾರೂ ಕೇಳಿರಲಿಲ್ಲ.

ಅನ್ನಕ್ಕೆ ಒಂದು ಅಗುಳು ಹಿಚುಕಿ ನೋಡಿದರೆ ಸಾಕು ಎಂಬ ಮಾತಿದೆ. ವಿದ್ವತ್ತಿಗೂ ಅಷ್ಟೇ ಸಾಕು ಎಂದು ಸಮಿತಿ ತೀರ್ಮಾನಿಸಿತು. ಅಂದಿನಿಂದ ಧ್ವನಿಪರೀಕ್ಷೆಗೆ ಬರುವ ಕಲಾವಿದರ ಎದುರು ಸ್ಟುಡಿಯೋದಲ್ಲಿ ಒಲೆ ಹಚ್ಚಿ ಪಾತ್ರೆ ಇಡಲಾಗುತ್ತದೆ. ಅನ್ನ ಹದವಾಗಿ ಬೆಂದರೆ ಉನ್ನತ ಶ್ರೇಣಿ. ಸ್ವಲ್ಪ ಗಟ್ಟಿ ಉಳಿದರೆ ಸುಗಮ ಸಂಗೀತಕ್ಕೆ ವರ್ಗಾವಣೆ. ಅಕ್ಕಿಯನ್ನು ಮನೆಯಲ್ಲೇ ನೆನೆಸಿ ತಂದಿದ್ದ ವೈಣಿಕರೊಬ್ಬರನ್ನು ಅಮಾನತು ಮಾಡಲಾಯಿತು. ರವಿಚಂದ್ರರು ಬುದ್ಧಿವಂತರು, ಬೇಗ ಹೊಂದಿಕೊಂಡರು. ಒಂದು ಕೈಯಲ್ಲಿ ತಾಳ ಹಾಕುತ್ತಾ, ಕಣ್ಣನ್ನು ಪಾತ್ರೆಯ ಮೇಲಿಟ್ಟು, ನೊರೆ ಉಕ್ಕಿದಾಗ ಕಲ್ಪನಾಸ್ವರ ನಿಲ್ಲಿಸುವುದನ್ನು ಕಲಿತರು. ಆಮೇಲೆ ಅವರಿಗೆ ಯಾವತ್ತೂ ಖುಷಿಯಾಗಲಿಲ್ಲ, ಕೇಂದ್ರಕ್ಕೆ ನೆಮ್ಮದಿಯಾಯಿತು.

ಕೇಳುಗ ಎಂದರೆ ಯಾರು ಎಂಬ ಹಳೆಯ ಗೊಂದಲವೂ ಇದೇ ಸಂದರ್ಭದಲ್ಲಿ ಬಗೆಹರಿಯಿತು. ಸಮಿತಿಯ ನಿಯಮ ಹೀಗಿದೆ: "ಕಚೇರಿ ಪ್ರಸಾರವಾಗುತ್ತಿರುವಾಗ ಒಲೆಯ ಮೇಲೆ ಅಕ್ಕಿ ಇಟ್ಟಿರುವ ವ್ಯಕ್ತಿಯೇ ಕೇಳುಗ. ಒಲೆಯ ಮೇಲೆ ಅಕ್ಕಿ ಇಲ್ಲದೆ ಕೇವಲ ಕಿವಿಯಿಂದ ಕೇಳುವವರನ್ನು ಕೇಳುಗರೆಂದು ಪರಿಗಣಿಸತಕ್ಕದ್ದಲ್ಲ." ಕುಕ್ಕರಿನವರನ್ನೂ ಕೈಬಿಡಲಾಯಿತು. ಅದು ತಾನೇ ಕೂಗುತ್ತದೆ, ಅದೂ ಶ್ರುತಿ ಬಿಟ್ಟು.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಸಿದ್ದಾಪುರದ ಬಸ್ಸಿನಿಂದ ಸೌಮ್ಯಶ್ರೀ ಎಂಬ ಹುಡುಗಿ ತಂಬೂರಿ ಹಿಡಿದು ಇಳಿದಳು. ಹುಡುಗಿ ಎಂದೆ, ಆದರೆ ಆ ವರ್ಷ ಕಳೆದರೆ ಹೊಸ ಕಲಾವಿದರ ವಯಸ್ಸಿನ ಮಿತಿ ದಾಟುತ್ತಿತ್ತು. ಚಿಕ್ಕಂದಿನಿಂದ ಕಲಿತವಳು, ಮದುವೆಮನೆಗಳಲ್ಲಿ ಊಟದ ಗದ್ದಲದ ನಡುವೆ ಹಾಡಿ ಹಾಡಿ ಸಾಕಾದವಳು. ಅಲ್ಲಿ ಆಲಾಪನೆ ಶುರುವಾಗುವಷ್ಟರಲ್ಲಿ ಯಾರಾದರೂ ಬಂದು ಬೇಗ ಮುಗಿಸಲು ಹೇಳುತ್ತಿದ್ದರು. ಹಿಂದೆ ನಮ್ಮಲ್ಲಿಗೆ ಅರ್ಜಿ ಹಾಕಿದಾಗಲೆಲ್ಲ ಏನಾದರೊಂದು ಕಾರಣಕ್ಕೆ ವಾಪಸ್ಸಾಗಿತ್ತು. ಇದು ಕೊನೆಯ ಅವಕಾಶ.

"ಅಕ್ಕಿ ಅಭ್ಯಾಸ ಆಗಿದೆಯಾ?" ಎಂದು ನಾನು ಕೇಳಿದೆ.

"ಇಲ್ಲೆ ಸರ್. ತೋಡಿ ಅಭ್ಯಾಸ ಆಯ್ತ್. ಒಂದ್ ಸಲ ಪೂರ್ತಿ ಹಾಡುಕೆ ಬಿಟ್ರೆ ಸಾಕ್. ಆಮೇಲೆ ನೀವ್ ಬ್ಯಾಡ ಅಂದ್ರೂ ಅಡ್ಡಿಲ್ಲೆ."

ಅಡ್ಡಿಲ್ಲೆ ಎಂದು ಬಾಯಿ ಹೇಳುತ್ತಿತ್ತು, ಕೈ ಆಗಲೇ ತಂಬೂರಿಯ ಗವಸು ಬಿಚ್ಚುತ್ತಿತ್ತು. ನನಗೆ ಪಾಪ ಅನ್ನಿಸಿತು. ಕೇಂದ್ರದ ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿಲ್ಲ.

ಧ್ವನಿಪರೀಕ್ಷೆಯನ್ನು ನೇರಪ್ರಸಾರ ಮಾಡುವುದು ಪದ್ಧತಿ. ಒಂದು ಪಾತ್ರೆಯ ಅನ್ನ ನೋಡಿ ಮೂರು ತಾಲೂಕಿನ ಅನ್ನದ ಬಗ್ಗೆ ಹೇಳಲಾಗದು ಎಂದು ಜಿತೇಂದ್ರ ಶೆಟ್ಟರು ಬರೆಸಿದ ನಿಯಮ ಅದು. ಅಮ್ಮಣ್ಣಿಯವರು ಒಲೆ ಹಚ್ಚಿ, ಅಕ್ಕಿ ಹಾಕಿ, ಸೌಟು ಹಿಡಿದು ಕುರ್ಚಿಯಲ್ಲಿ ಕೂತರು. ಸೌಮ್ಯಶ್ರೀ ವರ್ಣ ಮುಗಿಸಿ ತೋಡಿ ಎತ್ತಿಕೊಂಡಳು.

ಅವಳು ಪಾತ್ರೆಯ ಕಡೆ ನೋಡಲೇ ಇಲ್ಲ. ಮೊದಲು ಕೆಳಗಿನ ಸ್ವರಗಳಲ್ಲೇ ಸುತ್ತಾಡಿದಳು, ಮನೆಯೊಳಗೆ ಕಾಲಿಡಲು ಸಂಕೋಚಪಡುವ ನೆಂಟರ ಹಾಗೆ. ಆಮೇಲೆ ಸಂಕೋಚ ಬಿಟ್ಟಳು. ಮುಚ್ಚಳ ಸರಿಸುವ ಹೊತ್ತಾಯಿತು, ಅಮ್ಮಣ್ಣಿಯವರು ಸರಿಸಲಿಲ್ಲ. ಸೌಟು ಅವರ ಕೈಯಲ್ಲಿ ಹಾಗೇ ನಿಂತಿತ್ತು. ತನಿ ಮುಗಿದರೂ ಯಾರೂ ತೊಳಸಲಿಲ್ಲ. ವಿನಯಾ ಪಿಟೀಲು ನುಡಿಸುತ್ತಲೇ ಅಳುತ್ತಿದ್ದಳು. ಸಮಯ ಮುಗಿದಾಗ ಗುಂಡಿ ಒತ್ತಬೇಕಾಗಿದ್ದ ಹೊಳ್ಳರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನನ್ನ ಕಣ್ಣಿನಲ್ಲೂ ನೀರು ಬಂತು, ಅದು ಹೊಗೆಯಿಂದ ಎಂದು ದಾಖಲಾಗಿದೆ.

ಹೊಗೆ ಇತ್ತು ಎಂಬುದು ನಿಜ. ಮಂಗಳ ಹಾಡಿ ಮುಗಿದು, ತಂಬೂರಿಯ ಶ್ರುತಿಯೂ ನಿಂತಿತು. ಕೊನೆಗೆ ಅಮ್ಮಣ್ಣಿಯವರು ಎದ್ದು ಮುಚ್ಚಳ ತೆಗೆದರು. ಒಳಗೆ ನೀರು ಆರಿ, ಅನ್ನ ತಳ ಹಿಡಿದು ಕಪ್ಪಾಗಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಹುಡುಗಿಯ ಹತ್ತಿರ ಹೋಗಿ ಅವಳ ಗಲ್ಲ ಹಿಡಿದರು.

"ಎಷ್ಟ್ ಚಂದ ಹಾಡ್ದೆ ಹೆಣೆ! ನನ್ ಜನ್ಮದಲ್ಲಿ ಕೇಣಲಿಲ್ಲೆ ಇಂಥದ್ದ್. ನಪಾಸ್."

ಸೌಮ್ಯಶ್ರೀ ತಲೆಯಾಡಿಸಿ ತಂಬೂರಿಗೆ ಗವಸು ಹಾಕತೊಡಗಿದಳು. ಸಮಿತಿಯ ಅಧಿಕೃತ ತೀರ್ಪನ್ನು ನಾನೇ ಓದಬೇಕಾಯಿತು: "ಸದರಿ ಕಲಾವಿದೆಯು ಕೇಳುಗರನ್ನು ಕೇಳುವಂತೆ ಮಾಡಿರುವುದು ಸಾಕ್ಷ್ಯಸಮೇತ ರುಜುವಾತಾಗಿರುವುದರಿಂದ ಅವರನ್ನು ಅನರ್ಹಗೊಳಿಸಲಾಗಿದೆ."

ಅಷ್ಟರಲ್ಲಿ ಫೋನುಗಳು ಶುರುವಾದವು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅನ್ನ ಸೀದಿತ್ತು. ಸಿದ್ದಾಪುರದಲ್ಲಿ ಹೋಟೆಲ್ ಇಟ್ಟಿರುವ ದೇವು ಎಂಬವರು, ಊಟಕ್ಕೆ ಬಂದವರಿಗೆಲ್ಲ ಬರೀ ಸಾಂಬಾರು ಬಡಿಸಿ ಕಳಿಸಿದ್ದಾಗಿಯೂ ಅವರಲ್ಲಿ ಯಾರೂ ಜಗಳ ಮಾಡಲಿಲ್ಲವೆಂದೂ ಗಾಬರಿಯಿಂದ ವರದಿ ಮಾಡಿದರು. ಗಂಗೊಳ್ಳಿಯ ಜಲಜ ಮಾತ್ರ ಎಂದಿನ ಗಂಟಲಿನಲ್ಲೇ ಇದ್ದರು.

"ಬಂಗ್ಡಿ ಸಾರ್ ಮಾಡಿದ್ದೆ, ಹಾಕ್ಕಂಬುಕೆ ಅನ್ನವೇ ಇಲ್ಲೆ. ನಿಮ್ಗ್ ಹೇಳುವವ್ರ್ ಕೇಂಬವ್ರ್ ಯಾರೂ ಇಲ್ಯಾ?" ಎಂದು ಬೈದು, ಸ್ವಲ್ಪ ತಡೆದು, "ಆ ಹೆಣ್ಣ್ ನಾಳೆ ಹಾಡತ್ತಾ?" ಎಂದರು.

"ಇಲ್ಲಮ್ಮ. ಅನುತ್ತೀರ್ಣ."

"ಅದ್ ಸರಿಯೇ. ಊರಿನ್ ಅನ್ನ ಎಲ್ಲ ಕರ್ಕ್ ಮಾಡಿದ್ದಲ್ದಾ. ಆರೆ ಯಾವಾಗ ಹಾಡತ್ತ್?"

ಬಂದ ದೂರುಗಳೆಲ್ಲ ಇದೇ ಪ್ರಶ್ನೆಯಲ್ಲಿ ಮುಗಿದವು. ಹೊಳ್ಳರಿಗೆ ನಿದ್ದೆ ಬರಲಿಲ್ಲ. ಹುಡುಗಿಯನ್ನು ತೆಗೆದುಕೊಂಡರೆ ನಿಯಮ ಮುರಿಯುತ್ತದೆ, ಬಿಟ್ಟರೆ ಅವರ ಮನೆಯವರೇ ಮಾತು ಬಿಡುತ್ತಾರೆ. ಕೊನೆಗೆ ಪಂಚಾಂಗ ತಿರುವಿಹಾಕುತ್ತಾ ಅವರಿಗೆ ದಾರಿ ಹೊಳೆಯಿತು. ಏಕಾದಶಿಯ ದಿನ ಅವರ ಮನೆಯಲ್ಲಿ ಅನ್ನ ಬೇಯಿಸುವುದಿಲ್ಲ. ಬೇಯದ ಅನ್ನ ಸೀಯುವುದೂ ಇಲ್ಲ. ಸೌಮ್ಯಶ್ರೀಯನ್ನು 'ಏಕಾದಶಿ ಶ್ರೇಣಿ'ಯ ಕಲಾವಿದೆ ಎಂದು ನೇಮಿಸಿ ಆದೇಶ ಹೊರಡಿಸಲಾಯಿತು.

ಗಂಗೊಳ್ಳಿಯ ಬಂದರಿನವರಿಗೆ ಏಕಾದಶಿಯ ರೂಢಿ ಇರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ರೂಢಿಯಾಯಿತು. ಮೀನಿನ ವಿಷಯದಲ್ಲಿ ಸ್ಪಷ್ಟನೆ ಕೇಳಿದಾಗ, ಅನ್ನ ಬಿಟ್ಟರೆ ಸಾಕು, ಬಂಗಡೆಗೂ ಏಕಾದಶಿಗೂ ವಿರೋಧವಿಲ್ಲ, ಆದರೆ ಹುರಿಯುವ ಸದ್ದು ಬಾರದಂತೆ ಮೊದಲೇ ಹುರಿದಿಟ್ಟುಕೊಳ್ಳತಕ್ಕದ್ದು ಎಂದು ಸಮಿತಿ ತಿಳಿಸಿತು. ಅಕ್ಕಿ ಖರ್ಚಾಗುವುದಿಲ್ಲವೆಂದು ಜಿತೇಂದ್ರ ಶೆಟ್ಟರು ಸಿಟ್ಟಾದರು. ಆಮೇಲೆ 'ವಿದ್ವಾಂಸರು ಒಪ್ಪಿದ ಗೋಧಿ ರವೆ' ಮಾರಲು ಶುರುಮಾಡಿ ಶಾಂತರಾದರು.

ವರ್ಷದ ಕೊನೆಗೆ ಮೇಲಿನ ಕಚೇರಿಯಿಂದ ರತನ್ ಎಂಬ ತಪಾಸಣಾಧಿಕಾರಿ ಬಂದರು. ನಮ್ಮ ವರದಿಯಲ್ಲಿ ಏಕಾದಶಿ ಕಾರ್ಯಕ್ರಮದ ಎದುರು 'ಕೇಳುಗರು: ಯಾರೂ ಇಲ್ಲ' ಎಂದಿತ್ತು. ಅಂದು ಯಾರ ಒಲೆಯ ಮೇಲೂ ಅಕ್ಕಿ ಇಲ್ಲದಿರುವುದರಿಂದ ನಿಯಮದ ಪ್ರಕಾರ ಬೇರೇನೂ ಬರೆಯುವಂತಿರಲಿಲ್ಲ.

"ಯಾರೂ ಕೇಳದ ಕಾರ್ಯಕ್ರಮ ಯಾಕೆ ಬೇಕು? ನಿಲ್ಲಿಸಿ" ಎಂದರು ರತನ್. ಹೊಳ್ಳರು ಬೆವರಿದರು. ಅಂದಿನ ಕಚೇರಿಗೆ ಬಂದಿದ್ದ ಸೌಮ್ಯಶ್ರೀ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. "ಸ್ಥಳಕ್ಕೇ ಹೋಗಿ ಪರಿಶೀಲಿಸಿದರೆ ಒಳ್ಳೆಯದು ಸರ್" ಎಂದುಬಿಟ್ಟೆ.

ಅಂದು ಏಕಾದಶಿಯೇ ಆಗಿತ್ತು. ಅವರನ್ನು ಗಂಗೊಳ್ಳಿಗೆ ಕರೆದುಕೊಂಡು ಹೋದೆ. ಬಂದರಿನಲ್ಲಿ ಹರಾಜು ನಿಂತಿತ್ತು. ಐಸ್ ಹೊರುವವರು ಗಾಡಿಗೆ ಒರಗಿ ನಿಂತಿದ್ದರು, ಐಸ್ ತನ್ನಷ್ಟಕ್ಕೆ ಕರಗುತ್ತಿತ್ತು. ಮೀನು ಬುಟ್ಟಿಗಳ ಮಧ್ಯೆ ಒಂದು ರೇಡಿಯೋ ಇತ್ತು, ಅದರ ಸುತ್ತ ಜಲಜ ಮತ್ತು ಉಳಿದ ಹೆಂಗಸರು ಕೂತಿದ್ದರು. ತೋಡಿ ಆಗಷ್ಟೇ ಮೇಲಕ್ಕೆ ಏರುತ್ತಿತ್ತು.

"ನೀವು ಕೇಳುತ್ತಿದ್ದೀರಾ?" ಎಂದು ರತನ್ ವಿಚಾರಿಸಿದರು.

"ನಾವಾ? ಒಲಿ ಮೇಲೆ ಅಕ್ಕಿ ಇಲ್ಲೆ, ನಾವ್ ಕೇಂಬವ್ರಲ್ಲ" ಎಂದು ಜಲಜ ತಿರುಗಿ ನೋಡದೆಯೇ ಹೇಳಿದರು. "ನೀವೂ ಬಾಯ್ ಮುಚ್ಕಂಡ್ ಕೂಕಣಿ."

ರತನ್ ಒಂದು ಬುಟ್ಟಿ ಬೋರಲು ಹಾಕಿ ಕೂತರು. ಮಂಗಳದವರೆಗೂ ಏಳಲಿಲ್ಲ. ಅವರ ವರದಿ ಪ್ರಾಮಾಣಿಕವಾಗಿತ್ತು: ಗಂಗೊಳ್ಳಿಯಲ್ಲಿ ಕೇಳುಗರು ಕಂಡುಬಂದಿಲ್ಲ, ಕೇಳುಗರಿಲ್ಲದ ಕಾರಣ ದೂರುಗಳೂ ಇಲ್ಲ, ದೂರೇ ಇಲ್ಲದ ಕಾರ್ಯಕ್ರಮ ಇಡೀ ವಲಯದಲ್ಲಿ ಇದೊಂದೇ ಆದ್ದರಿಂದ ಪ್ರಶಸ್ತಿಗೆ ಶಿಫಾರಸು ಮಾಡಲಾಗಿದೆ.

ಪ್ರಶಸ್ತಿಪತ್ರವನ್ನು ಅಮ್ಮಣ್ಣಿಯವರೇ ಕೊಟ್ಟರು. ಸೌಮ್ಯಶ್ರೀ ಅದನ್ನು ಓದಿ, ಮಡಚಿ ತಂಬೂರಿಯ ಗವಸಿನೊಳಗೆ ಇಟ್ಟುಕೊಂಡು, "ಸರ್, ಮುಂದಿನ್ ಏಕಾದಶಿಗೆ ಎಷ್ಟ್ ಹೊತ್ತ್ ಹಾಡ್ಲಕ್ಕ್?" ಎಂದು ಕೇಳಿದಳು. ಹೊಳ್ಳರು ನಿಯಮಾವಳಿ ತೆಗೆದು ನೋಡಿದರು. ಕೇಳುಗರೇ ಇಲ್ಲದಿರುವುದರಿಂದ ಸಮಯದ ಮಿತಿ ಅನ್ವಯಿಸುವುದಿಲ್ಲ.