ಅತ್ತೆಯ ಎಡಗಲ್ಲದ ಹೂವು

ದುಡ್ಡು ಉಡಾಯಿಸುವ ಮನೆಯಲ್ಲಿ ಗದ್ದಲ ಇರುತ್ತದೆ, ಕೂಡಿಡುವ ಮನೆಯಲ್ಲಿ ದೆವ್ವ ಇರುತ್ತದೆ. ಸಂಗೊಳ್ಳಿಯ ನಮ್ಮ ಅಕ್ಕನ ಮನೆಗೆ ಹೋದಾಗಲೆಲ್ಲ ನನಗಿದು ಖಾತ್ರಿಯಾಗುತ್ತದೆ. ಒಂದೂರಲ್ಲಿ ನಿಲ್ಲುವ ಕಾಲು ನನ್ನದಲ್ಲ. ನಾನು ಓಡಿಸುವ ಲಾರಿ ಸವದತ್ತಿಗೆ ಹೊರಟಿರಲಿ, ರಾಮದುರ್ಗದಿಂದ ಬರುತ್ತಿರಲಿ, ಊಟಕ್ಕೆ ಅಲ್ಲೇ ಇಳಿಯುತ್ತೇನೆ. ಇಳಿದಾಗಲೆಲ್ಲ ಏನಾದರೊಂದು ನಡೆದೇ ಇರುತ್ತದೆ.

೧. ಗೋಡೆಯಷ್ಟು ಟಿವಿ

ಅಕ್ಕ ರೊಟ್ಟಿ ಬಡಿದು ಬೈಲಹೊಂಗಲದ ಖಾನಾವಳಿಗಳಿಗೆ ಕೊಡುತ್ತಾಳೆ. ಬಂದದ್ದನ್ನು ಓಣಿಯ ಹೆಂಗಸರ ಭಿಶಿಗೆ, ಅಂದರೆ ಚೀಟಿಗೆ, ಹಾಕುತ್ತಾಳೆ. ತನ್ನ ಸರದಿ ಬಂದಾಗ ಗಂಟು ಎತ್ತಿ ರೊಟ್ಟಿ ಮಷಿನ್ ತರಬೇಕು. ಬಡಿದು ಬಡಿದು ಬಲಗೈ ರಟ್ಟೆ ಬಿದ್ದುಹೋಗಿದೆ, ನೀರಿನ ತಂಬಿಗೆ ಎತ್ತಲಿಕ್ಕೂ ಎಡಗೈ ಬೇಕು. ಅವಳ ಗಂಡ, ನಮ್ಮ ಮಾವನಿಗೆ ಮಾತ್ರ ಕಂಡದ್ದೆಲ್ಲ ಬೇಕು. ಕಿತ್ತೂರಿನ ಅಂಗಡಿಯಲ್ಲಿ ಗೋಡೆಯಷ್ಟು ಟಿವಿ ನೋಡಿ ಬಂದಿದ್ದ.

ಆ ಮನೆಯಲ್ಲಿ ದೊಡ್ಡ ಖರ್ಚಿಗೆ ಮೊದಲು, ತೀರಿಹೋದ ಅತ್ತೆಯ, ಅಂದರೆ ಮಾವನ ಅವ್ವನ, ಫೋಟೋದ ಮುಂದೆ ಹೂವು ಕೇಳುವ ಪದ್ಧತಿ. ಗಾಜಿನ ಮೇಲೆ ಬಲಗಲ್ಲಕ್ಕೊಂದು, ಎಡಗಲ್ಲಕ್ಕೊಂದು ಒದ್ದೆ ಎಸಳು ಅಂಟಿಸಬೇಕು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬ್ಯಾಡ. ಅಂಟಿಸುವುದು ಸೊಸೆಯ ಕೆಲಸ.

ದೀಪ ಹಚ್ಚಿದರು. ಅತ್ತೆಯ ಕಣ್ಣು ಮಾವನ ಮೇಲೇ ಇದ್ದವು. ಎಡದ್ದು ಜಾರಿತು. ಮಾವ ಬೆವರು ಒರೆಸಿಕೊಂಡು, "ಸಣ್ಣ ಟಿವಿ ಆದ್ರ ನಡೀತೈತೇನು, ಕೇಳೂಣೇನು?" ಎಂದ.

"ಎರಡೆರಡು ಸಲ ಕೇಳಬ್ಯಾಡ್ರಿ, ಎದ್ದ ಬಂದಾರು" ಎಂದಳು ಅಕ್ಕ.

೨. ಅತ್ತೆ ಅತ್ತಳು

ಮುಂದಿನ ಸಲ ಬಂಗಾರದ ಉಂಗುರ. ಮತ್ತೆ ಎಡ. ರಾತ್ರಿ ಅಲ್ಲೇ ಮಲಗಿ ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆಯ ಬಲಗಣ್ಣಿನಿಂದ ಕಪ್ಪು ನೀರು ಇಳಿಯುತ್ತಿದೆ. ಹತ್ತಿರ ಹೋದರೆ ಇರುವೆ ಸಾಲು. ಮಾವ ಕೈಮುಗಿದು ನಿಂತುಬಿಟ್ಟಿದ್ದ. ಅವ್ವನಿಗೆ ಸಿಹಿ ತಿನ್ನುವ ಆಸೆಯಾಗಿದೆ ಎಂದು ಓಡಿಹೋಗಿ ಪಾವು ಕಿಲೋ ಪೇಢೆ ತಂದಿಟ್ಟ.

ಅವನು ಅತ್ತ ಹೋದ ಮೇಲೆ ಗಾಜಿಗೆ ಬೆರಳು ಒತ್ತಿ ನೆಕ್ಕಿದೆ. ಬೆಲ್ಲದ ಪಾಕ. ಬಲಗಲ್ಲಕ್ಕಷ್ಟೇ. ಅಕ್ಕನ ಕಡೆ ತಿರುಗಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ಪೇಢೆ ತಿನ್ನೋ ತಮ್ಮಾ. ಬಾಯಿ ತುಂಬಿದ್ರ ಮಾತು ಬರಂಗಿಲ್ಲ."

೩. ದೊಡ್ಡ ಗಾಡಿ

ಕಡೆಗೆ ಅಕ್ಕನ ಸರದಿ ಬಂದು ಭಿಶಿ ಗಂಟು ಕೈಗೆ ಸಿಕ್ಕಿತು. ಅದೇ ವಾರ ಮಾವನಿಗೆ ಗುಡುಗುಡು ಎನ್ನುವ ದೊಡ್ಡ ಬೈಕಿನ ಹುಚ್ಚು. ಆ ಗಂಟನ್ನೇ ಮುಂಗಡ ಕಟ್ಟುವ ಲೆಕ್ಕ. "ಈ ಸಲ ಹೂವು ನಾನ ಹಚ್ಚತೇನಿ" ಎಂದು ಗಾಜಿಗೆ ಸೋಪು ಹಾಕಿ ತಾನೇ ತೊಳೆದು, ಒರೆಸಿ, ಮೊಳೆಗೆ ತೂಗುಹಾಕಿದ. ಅಕ್ಕನ ಮುಖ ಹಿಟ್ಟಿನಂತಾಯಿತು. ತವೆಯ ಮೇಲೆ ರೊಟ್ಟಿ ಹೊತ್ತುತ್ತಿದ್ದರೂ ಅವಳಿಗೆ ಅರಿವಿಲ್ಲ.

ಗಾಳಿ ಮೋಸ ಮಾಡಬಾರದೆಂದು ಬಾಗಿಲು ಮುಚ್ಚಿ, ಫ್ಯಾನ್ ಆರಿಸಿದ. ಎಸಳು ಅಂಟಿಸಿ, "ಅವ್ವಾ, ಗಾಡಿ ತಗೋಲ್ಯಾ?" ಎಂದ.

ದೀಪ ಅಲುಗಲಿಲ್ಲ. ಆಮೇಲೆ ಬಲದ ಎಸಳು ಮೆಲ್ಲಗೆ ಜಾರತೊಡಗಿತು. ಗಲ್ಲ ದಾಟಿತು, ಗದ್ದಕ್ಕೆ ಬಂತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಖಟ್ ಎಂದಿತು. ಎಸಳಿಗಿಂತ ಮೊದಲು ಫೋಟೋವೇ ಬಿತ್ತು, ಚೌಕಟ್ಟಿನ ಮೂಲೆ ನೆಟ್ಟಗೆ ಮಾವನ ಕಾಲಿನ ಹೆಬ್ಬೆರಳಿನ ಮೇಲೆ. ಅತ್ತೆ ಅಂಗಾತ ಬಿದ್ದು ಅವನನ್ನೇ ನೋಡುತ್ತಿದ್ದಳು.

"ಬಾಯಿಲೆ ಹೇಳಿದ್ರ ಸಾಕಾಗತಿತ್ತಲ್ಲಬೇ ಅವ್ವಾ" ಎಂದು ಮಾವ ಕಾಲು ಹಿಡಿದು ಕುಂತ.

ಮೊಳೆಗೂ ಏನಾದರೂ ಮಾಡಿದ್ದೆಯಾ ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. ಅವಳು ಫೋಟೋದಿಂದ ದೂರ ಸರಿದಳು. "ಇಲ್ಲೋ ತಮ್ಮಾ. ಈ ಸಲ ನಾ ಮುಟ್ಟೇ ಇಲ್ಲ."

ಬೈಕಿನ ಬದಲು ಆ ಗಂಟಿನಲ್ಲಿ ರೊಟ್ಟಿ ಮಷಿನ್ ಬಂತು. ಕಾಲಿಗೆ ಪಟ್ಟಿ ಸುತ್ತಿಕೊಂಡ ಮಾವನೇ ಅದರ ಮುಂದೆ ಕುಂತು ರೊಟ್ಟಿ ಜೋಡಿಸಿದ. ಅಕ್ಕನ ರಟ್ಟೆಗೆ ಆರಾಮ ಸಿಕ್ಕಿತು. ಆದರೆ ಆ ದಿನದಿಂದ ಅವಳೂ ಕೇಳದೆ ಏನೂ ತರುವುದಿಲ್ಲ. ಹೋದ ಸಲ ನಾನು ಹೋದಾಗ ರಾಮದುರ್ಗದ ಸೀರೆಯೊಂದರ ಮೇಲೆ ಆಸೆಪಟ್ಟು, ಬರೀ ನೀರಲ್ಲಿ ಅದ್ದಿ ಎಸಳು ಅಂಟಿಸಿದಳು.

ಎಡದ್ದು ಬಿತ್ತು.

ಮಾವ ಮಷಿನ್ ಕಡೆಯಿಂದ ತಿರುಗಿಯೂ ನೋಡದೆ ಹೇಳಿದ: "ಬದುಕಿದ್ದಾಗೂ ಅಕಿ ಸೊಸಿಗೆ ಸೀರಿ ಕೊಡಿಸಿದಾಕಿ ಅಲ್ಲ."