ಗುಂಡಮ್ಮನ ಮೊದಲ ಮೊಟ್ಟೆ

ಹೆಂಡತಿ: ಇದನ್ನ ಮಗುಗೆ ಕೊಡ್ತೀರಾ? ಅಲ್ಲಾಡ್ತಾ ಇದೆ ನೋಡಿ ಇದು.

ಗಂಡ: ಅಲ್ಲಾಡ್ಲೇಬೇಕು ಕಣೇ. ಹಳದಿ ಅಲ್ಲಾಡ್ದೆ ಹೋದ್ರೆ ಅದನ್ನ ಮಾಡಿದವನು ಅಡುಗೆಯವನೇ ಅಲ್ಲ.

ಹೆಂಡತಿ: ನರ್ಸ್ ಏನಂದ್ರು? ಬಿಳಿನೂ ಹಳದಿನೂ ಗಟ್ಟಿಯಾಗಿ ಬೆಂದಿರ್ಬೇಕು, ಹಸಿಬಿಸಿ ಮೊಟ್ಟೆ ಎಳೆ ಹೊಟ್ಟೆಗೆ ಆಗಲ್ಲ ಅಂತ ತಾನೇ?

ಗಂಡ: ಆ ನರ್ಸಮ್ಮ ಸೂಜಿ ಚುಚ್ಚೋದ್ರಲ್ಲಿ ಗಟ್ಟಿಗಿತ್ತಿ, ಒಪ್ತೀನಿ. ಮೊಟ್ಟೆ ವಿಷಯ ನನಗೆ ಬಿಟ್ಬಿಡು.

ಹೆಂಡತಿ: ಬಿಡಬಹುದಾ ಬಾರದಾ ಅಂತ ನೋಡೋಕೇ ಇವತ್ತು ನಿಮ್ಮನ್ನ ಇಲ್ಲಿ ನಿಲ್ಲಿಸಿರೋದು.

ಇವನು ಹೋಟೆಲೊಂದರ ಅಡುಗೆಯವನು. ಗಿರಾಕಿಗಳು ಪ್ರೀತಿಯಿಂದ ಇಟ್ಟ ಹೆಸರು ಆಮ್ಲೆಟ್ ಮೇಸ್ತ್ರಿ. ಕಾವಲಿಯ ಮೇಲಿನ ಮೊಟ್ಟೆಯನ್ನು ಅವನು ಗಾಳಿಗೆ ಹಾರಿಸಿ ಹಿಡಿಯುವುದನ್ನು ನೋಡಲೆಂದೇ ಜನ ಅಡುಗೆಮನೆಯ ಕಿಂಡಿಯ ಎದುರಿನ ಮೇಜು ಹಿಡಿಯುತ್ತಿದ್ದರು. ಅಂಥ ಮನುಷ್ಯ ಈಗ ತನ್ನ ಮನೆಯಲ್ಲಿ, ತನ್ನದೇ ಒಲೆಯ ಮುಂದೆ, ಒಂದು ಮೊಟ್ಟೆಯ ಪರೀಕ್ಷೆಗೆ ನಿಂತಿದ್ದ. ಪರೀಕ್ಷೆ ಮಾಡುತ್ತಿದ್ದ ಅವನ ಹೆಂಡತಿ ಬಸ್ಸುಗಳನ್ನು ಹತ್ತಿ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್. ಅವಳ ಹೆರಿಗೆ ರಜೆ ಇಂದಿಗೆ ಮುಗಿಯುತ್ತಿತ್ತು.

ನಾಳೆಯಿಂದ ಅವಳದು ಬೆಳಗಿನ ಪಾಳಿ, ಅವನದು ಸಂಜೆಯ ಪಾಳಿ. ಹಗಲೆಲ್ಲ ಮಗಳು ಅಪ್ಪನ ಪಾಲು. ಮಗಳಿಗೆ ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ಹೆಸರೊಂದು ಇತ್ತು, ಆದರೆ ಕೆನ್ನೆ ನೋಡಿದವರೆಲ್ಲ ಗುಂಡಮ್ಮ ಎಂದೇ ಕರೆಯುತ್ತಿದ್ದರು. ಗಂಜಿ, ನುಣ್ಣಗೆ ಅರೆದ ತರಕಾರಿ ಎಲ್ಲ ಆಗಿ ಈಗ ಮೊಟ್ಟೆಯ ಸರದಿ ಬಂದಿತ್ತು. ಇವತ್ತು ಗುಂಡಮ್ಮ ಅಪ್ಪನ ಕೈಯಿಂದ ಮೊಟ್ಟೆ ತಿಂದರೆ ಅವನು ಪಾಸು. ತಿನ್ನದಿದ್ದರೆ ಹೆಂಡತಿಯ ಅಮ್ಮ ಸಂಜೆಯ ಬಸ್ಸಿಗೆ ಬಂದಿಳಿಯುವವರಿದ್ದರು, ಮಗು ನಡೆಯುವವರೆಗೂ ಇರಲು.

ಅತ್ತೆ ಎಂದರೆ ಅವನಿಗೆ ಭಯವೇನಿಲ್ಲ, ಹಾಗೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಆದರೆ ಹೋದ ಸಲ ಬಂದಾಗ ಅವರು ಅವನ ಅಡುಗೆಮನೆಯ ಡಬ್ಬಗಳನ್ನೆಲ್ಲ ಅದಲುಬದಲು ಮಾಡಿ ಹೋಗಿದ್ದರು. ಅವನು ಬೆವರು ಸುರಿಸಿ ಮಾಡಿದ ಅಡುಗೆಯನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ಮೇಲೆ ನೋಡಿ, "ಪರವಾಗಿಲ್ಲ" ಎಂದಿದ್ದರು. ಬೈದಿದ್ದರೂ ಅವನು ಸಹಿಸುತ್ತಿದ್ದ, ಆ ಪರವಾಗಿಲ್ಲವನ್ನು ಮಾತ್ರ ಇಂದಿಗೂ ನುಂಗಲಾಗಿರಲಿಲ್ಲ.

ಅಲ್ಲಾಡುವ ಮೊಟ್ಟೆಯನ್ನು ಅವನೇ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಬೇಯಲು ಇಟ್ಟ. ನೀರು ಕೊತಕೊತ ಕುದಿಯಿತು, ಮೊಟ್ಟೆ ಕಲ್ಲಾಯಿತು. ಯಾರೋ ನೆಂಟರು ತೀರಿಕೊಂಡ ಮುಖ ಮಾಡಿಕೊಂಡು ಅವನು ಸಿಪ್ಪೆ ಬಿಡಿಸಿದ.

ಗಂಡ: ಒಂದೇ ಒಂದು ಚಿಟಿಕೆ ಉಪ್ಪು.

ಹೆಂಡತಿ: ಬೇಡ.

ಗಂಡ: ಅರ್ಧ ಚಿಟಿಕೆ.

ಹೆಂಡತಿ: ವರ್ಷ ತುಂಬೋವರೆಗೂ ಉಪ್ಪು ಹಾಕ್ಬೇಡಿ ಅಂದಿದಾರೆ. ಕಿವಿ ಎಲ್ಲಿಟ್ಟಿದ್ರಿ ಆವಾಗ?

ಗಂಡ: ಹೋಗ್ಲಿ, ಮೆಣಸಿನ ಪುಡಿ ಡಬ್ಬನ ಸುಮ್ನೆ ಅದರ ಮೇಲೆ ಹೀಗೆ ಓಡಾಡಿಸಿ ವಾಪಸ್ ಇಡ್ತೀನಿ. ಮುಚ್ಚಳ ಕೂಡ ತೆಗೆಯಲ್ಲ. ನನ್ನ ಮನಸ್ಸಮಾಧಾನಕ್ಕೆ.

ಹೆಂಡತಿ: ಕೈ ಕೆಳಗಿಡಿ.

ಟಿಕೆಟ್ ಇಲ್ಲದೆ ಹಿಂದಿನ ಬಾಗಿಲಿಗೆ ಜಾರುವವರನ್ನು ಹಿಡಿಯುವ ದನಿ ಅದು. ಅವನ ಕೈ ತಾನೇ ತಾನಾಗಿ ಕೆಳಗಿಳಿಯಿತು.

ಆದರೂ ಕಲಾವಿದನ ಮನಸ್ಸು ಕೇಳಬೇಕಲ್ಲ. ಹೆಂಡತಿ ಆ ಕಡೆ ತಿರುಗುವಷ್ಟರಲ್ಲಿ ಮೊಟ್ಟೆಯನ್ನು ಎಸಳೆಸಳಾಗಿ ಕೊಯ್ದು ತಟ್ಟೆಯ ಮಧ್ಯೆ ತಾವರೆಯಂತೆ ಅರಳಿಸಿದ. ಅವಳು ತಾವರೆಯನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಮಗುವಿಗೆ ಹಲ್ಲಿಲ್ಲ ಎಂಬುದು ಮನೆಯ ಯಜಮಾನರ ಗಮನಕ್ಕೆ ಬಂದಿದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದಳು. ತಾವರೆ ಚಮಚದಡಿಯಲ್ಲಿ ಪುಡಿಯಾಯಿತು. ಒಣಪುಡಿಯನ್ನು ಹಾಗೇ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಕಾಯಿಸಿ ಆರಿಸಿದ ನೀರು ಬಿಟ್ಟು ಅವಳೇ ನುಣ್ಣಗೆ ಕಲಸಿದಳು. ಆಮ್ಲೆಟ್ ಮೇಸ್ತ್ರಿ ಬಟ್ಟಲಿನೊಳಗೆ ಇಣುಕಿದ.

ಗಂಡ: ಗೋಡೆ ಬಿರುಕಿಗೆ ಮೆತ್ತೋ ಹಾಗಿದೆ. ನಮ್ಮ ಹೋಟೆಲಿನವರು ಯಾರಾದ್ರೂ ನೋಡಿದ್ರೆ ನಾನು ಕೆಲಸ ಬಿಡ್ಬೇಕಾಗುತ್ತೆ.

ಹೆಂಡತಿ: ತಿನ್ನೋರು ಅವರಲ್ಲ. ಕೂರಿಸಿ ಅವಳನ್ನ.

ಗುಂಡಮ್ಮನನ್ನು ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಬೆಲ್ಟು ಹಾಕಿ, ಕೊರಳಿಗೆ ಬಟ್ಟೆ ಕಟ್ಟಿದ್ದಾಯಿತು. ಅಪ್ಪ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು ಮುಂದೆ ಬಂದ. ಗುಂಡಮ್ಮ ಚಮಚವನ್ನು ನೋಡಿದಳು, ಅಪ್ಪನನ್ನು ನೋಡಿದಳು, ತುಟಿ ಬಿಗಿದಳು.

ಗಂಡ: ಪೋಂ ಪೋಂ, ಬಸ್ ಬಂತು ಬಸ್ ಬಂತು. ಬಾಗಿಲು ತೆಗೀರಿ ಸಾಹೇಬ್ರೆ.

ಹೆಂಡತಿ: ಅರ್ಧನೂ ತುಂಬದ ಬಸ್ಸಿಗೆ ಯಾರೂ ಇಷ್ಟು ಹಾರ್ನ್ ಹೊಡೆಯಲ್ಲ.

ಬಸ್ಸಾಯಿತು, ವಿಮಾನವಾಯಿತು, ಕಾಗೆಯಾಯಿತು. ಅಪ್ಪ ಕಪ್ಪೆಯಂತೆ ಕುಪ್ಪಳಿಸಿದ, ಬಾಗಿಲ ಹಿಂದೆ ಅವಿತು ಇಣುಕಿದ, ತಾನೇ ಆ ಎಂದು ಬಾಯಿ ತೆರೆದು ತೋರಿಸಿದ. ಗುಂಡಮ್ಮ ಎಲ್ಲವನ್ನೂ ಆಸಕ್ತಿಯಿಂದ ನೋಡಿದಳೇ ಹೊರತು ತುಟಿ ಸಡಿಲಿಸಲಿಲ್ಲ. ಕೊನೆಗೆ ಮೊಟ್ಟೆ ಒಂಚೂರು ತುಟಿಯ ಅಂಚಿಗೆ ತಾಗಿತು, ಅಷ್ಟೆ. ಅದನ್ನು ಒರೆಸಲು ಬಗ್ಗಿದವನು ಚಮಚವನ್ನು ಬಟ್ಟಲಿಗೆ ಹಾಕಿ ಕೂಗಿದ.

ಗಂಡ: ಲೇ, ಬಾ ಇಲ್ಲಿ. ಕೆಂಪಗಾಗಿದೆ.

ಹೆಂಡತಿ: ಎಲ್ಲಿ?

ಗಂಡ: ಬಾಯಿ ಸುತ್ತ. ಕೆನ್ನೆ ಮೇಲೂ ಇದೆ. ನರ್ಸಮ್ಮ ಹೇಳಿದ್ರಲ್ಲ, ಕೆಲವು ಮಕ್ಕಳಿಗೆ ಮೊಟ್ಟೆ ಒಗ್ಗಲ್ಲ, ಕೆಂಪಗೆ ದದ್ದು ಏಳುತ್ತೆ, ತಕ್ಷಣ ಡಾಕ್ಟರ ಹತ್ರ ಬನ್ನಿ ಅಂತ. ಚಪ್ಪಲಿ ಹಾಕ್ಕೋ. ನಾನು ಆಟೋ ಹಿಡೀತೀನಿ.

ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವಳ ಚಪ್ಪಲಿ ಮೆಟ್ಟಿ ಅವನು ಬಾಗಿಲಿಗೆ ಓಡಿದ. ಹೆಂಡತಿ ಒದ್ದೆ ಬಟ್ಟೆ ತಂದು ಮಗುವಿನ ಕೆನ್ನೆಗೆ ಒತ್ತಿದಳು. ದದ್ದು ಬಟ್ಟೆಗೆ ಬಂತು. ಇನ್ನೊಮ್ಮೆ ಒತ್ತಿದಳು, ಉಳಿದ ದದ್ದೂ ಬಂತು. ಗಂಡ ಬಾಗಿಲಿಂದ ವಾಪಸ್ ಬಂದು ಬಟ್ಟೆಯನ್ನು ನೋಡಿದ, ಆಮೇಲೆ ಹೆಂಡತಿಯ ತುಟಿಯನ್ನು ನೋಡಿದ. ಎರಡರದ್ದೂ ಒಂದೇ ಬಣ್ಣ.

ಗಂಡ: ಲಿಪ್‌ಸ್ಟಿಕ್ಕು.

ಹೆಂಡತಿ: ಬೆಳಿಗ್ಗೆ ಯೂನಿಫಾರ್ಮ್ ಇನ್ನೂ ಆಗುತ್ತಾ ಅಂತ ಹಾಕ್ಕೊಂಡು ನೋಡಿದ್ನಾ, ಹಾಗೇ ತುಟಿಗೂ ಸ್ವಲ್ಪ ಹಚ್ಚಿದ್ದೆ. ಆಮೇಲೆ ಒಂದು ಮುತ್ತು ಕೊಟ್ಟೆ.

ಗಂಡ: ಒಂದಾ? ಮುಖದ ತುಂಬ ಸೀಲು ಹೊಡೆದಿಟ್ಟಿದೀಯ. ನನ್ನ ಜೀವ ಬಾಯಿಗೆ ಬಂದಿತ್ತು. ಉಪ್ಪು ಹಾಕಿದ್ರೆ ತಪ್ಪು, ಮೆಣಸು ತೋರಿಸಿದ್ರೆ ತಪ್ಪು, ಇವಳು ಬಣ್ಣ ತಿನ್ನಿಸಬಹುದು.

ಹೆಂಡತಿ: ತಿನ್ನಿಸಿಲ್ಲ, ಮೆತ್ತಿದೆ ಅಷ್ಟೆ. ನೀವು ಮುಖ ಒರೆಸಿ ತಾನೇ ಊಟಕ್ಕೆ ಕೂರಿಸ್ಬೇಕಿತ್ತು? ನಾಳೆ ನಾನಿಲ್ದೇ ಇದ್ದಾಗ ಹೀಗೇ ಒಂದು ಕಾಲಿಗೆ ಯಾರದೋ ಚಪ್ಪಲಿ ಹಾಕ್ಕೊಂಡು ಓಡ್ತೀರಾ? ಅಮ್ಮ ಬರ್ಲಿ, ಅದೇ ಸರಿ.

ಗಂಡ: ಬರ್ಲಿ. ಬಂದು ಡಬ್ಬ ಎಲ್ಲ ಅದಲುಬದಲು ಮಾಡ್ಲಿ. ನಿಮ್ಮಮ್ಮನ ಕೈಗೆ ಚಮಚ ಸಿಕ್ರೆ ಮಗು ಹೆದರಿಕೊಂಡೇ ತಿನ್ನುತ್ತೆ.

ಹೆಂಡತಿ: ನಮ್ಮಮ್ಮನ ಸುದ್ದಿಗೆ ಬಂದ್ರೆ ನೋಡಿ.

ಗಂಡ: ಸುದ್ದಿಗೆ ಬರ್ತಾ ಇರೋರು ಅವರು. ಸಂಜೆ ಬಸ್ಸಿಗೆ.

ಮಾತು ಏರಿತು, ದನಿ ಏರಿತು. ಗಂಡ ಮೊಟ್ಟೆ ಮೆತ್ತಿದ ಚಮಚವನ್ನು ಮತ್ತೆ ಕೈಗೆತ್ತಿಕೊಂಡು ಬಾವುಟದಂತೆ ಆಡಿಸುತ್ತ ಮಾತಾಡುತ್ತಿದ್ದ. ಕುರ್ಚಿಯಲ್ಲಿದ್ದ ಗುಂಡಮ್ಮ ಅಮ್ಮ ಮಾತಾಡಿದಾಗ ಅಮ್ಮನ ಕಡೆ, ಅಪ್ಪ ಮಾತಾಡಿದಾಗ ಅಪ್ಪನ ಕಡೆ ಕತ್ತು ತಿರುಗಿಸುತ್ತಿದ್ದಳು. ಅವಳ ಜೀವನದಲ್ಲಿ ಇಷ್ಟು ಸೊಗಸಾದದ್ದನ್ನು ಅವಳು ನೋಡಿರಲೇ ಇಲ್ಲ. ತುಟಿ ಸಡಿಲವಾಯಿತು, ಗಲ್ಲ ಇಳಿಯಿತು, ಬಾಯಿ ಅಗಲವಾಗಿ ತೆರೆದುಕೊಂಡಿತು. ಅಪ್ಪನ ಕಣ್ಣಿಗೆ ಅದು ಬಿತ್ತು. ಅಭ್ಯಾಸವಾದ ಕೈ, ಚಮಚ ಮೆತ್ತಗೆ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬಂತು. ಗುಂಡಮ್ಮ ಚಪ್ಪರಿಸಿದಳು, ನುಂಗಿದಳು.

ಇಬ್ಬರೂ ಮಾತು ನಿಲ್ಲಿಸಿದರು. ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

ಹೆಂಡತಿ: ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ರೀ. ಇವಳನ್ನ ಬಿಟ್ಟು ಹೋಗೋಕೆ ನನಗೇ ಮನಸ್ಸು ಬರ್ತಿಲ್ಲ. ಅದಕ್ಕೇ ನಿಮ್ಮಲ್ಲಿ ಏನಾದ್ರೂ ತಪ್ಪು ಸಿಗಲಿ ಅಂತ ಹುಡುಕ್ತಾ ಇದ್ದೆ.

ಗಂಡ: ನನಗೂ ಹೆದರಿಕೆನೇ. ಹೋಟೆಲಲ್ಲಿ ತಟ್ಟೆ ವಾಪಸ್ ಬಂದ್ರೆ ಇನ್ನೊಂದು ಮಾಡಿ ಕಳಿಸ್ಬಹುದು. ಇವಳು ಬೇಡ ಅಂದ್ರೆ ಏನು ಮಾಡ್ಲಿ?

ಅವನು ಹೆಂಡತಿಯ ಕಣ್ಣೊರೆಸಿದ. ಮನಸ್ಸು ತುಂಬಿ ಬಂದಿತ್ತು. ಆ ಖುಷಿಯಲ್ಲೇ ಎರಡನೆಯ ಚಮಚ ಎತ್ತಿದ. ಗುಂಡಮ್ಮನ ಬಾಯಿಗೆ ಮತ್ತೆ ಬೀಗ ಬಿದ್ದಿತ್ತು. ಅಪ್ಪ ಅಮ್ಮ ಅಂಟಿಕೊಂಡು ನಿಲ್ಲುವುದರಲ್ಲಿ ಅವಳಿಗೆ ನೋಡುವಂಥದ್ದೇನೂ ಕಾಣಲಿಲ್ಲ, ಸೀಲಿಂಗ್ ಫ್ಯಾನ್ ನೋಡತೊಡಗಿದಳು. ಗಂಡ ಹೆಂಡತಿಯ ಮುಖ ನೋಡಿದ.

ಗಂಡ: ಜಗಳ ಆಡು.

ಹೆಂಡತಿ: ಈಗ್ತಾನೆ ರಾಜಿ ಆಗಿದೀವಿ.

ಗಂಡ: ಆಮೇಲೆ ಇನ್ನೊಂದ್ಸಲ ಆಗೋಣ. ಈಗ ಏನಾದ್ರೂ ಅನ್ನು ನನಗೆ.

ಹೆಂಡತಿ: ಅನ್ನೋಕೆ ಯೋಚನೆ ಮಾಡ್ಬೇಕಾ? ಆ ಗೊರಕೆ ಒಂದು ಸಾಲ್ದಾ? ಪಕ್ಕದ ಮನೆಯವರು ಮಿಕ್ಸಿ ರಿಪೇರಿ ಮಾಡಿಸ್ಕೊಳ್ಳಿ ಅಂತ ಹೇಳಿ ಹೋದ್ರು.

ಗಂಡ: ನೀನು ನಿದ್ದೆಯಲ್ಲಿ ನನ್ನ ಹತ್ರ ಟಿಕೆಟ್ ಕೇಳ್ತೀಯಲ್ಲ, ಅದನ್ನ ನಾನು ಯಾರಿಗಾದ್ರೂ ಹೇಳಿದೀನಾ?

ಬಾಯಿ ತೆರೆಯಿತು. ಚಮಚ ಹೋಯಿತು. ಮೂರನೆಯದಕ್ಕೆ ಹೆಂಡತಿ ಅವನ ಅಕ್ಕನ ಮದುವೆಯ ದಿನ ಅವನು ಪಾಯಸ ತಳ ಹಿಡಿಸಿದ ವಿಷಯವನ್ನೇ ಎತ್ತಿದಳು, ಅದು ನಿಜವಾಗಿಯೂ ಸ್ವಲ್ಪ ನಾಟಿತು, ಆದರೆ ಗುಂಡಮ್ಮ ಬಾಯಿ ಚಪ್ಪರಿಸಿದಳು. ಮೊದಲ ದಿನಕ್ಕೆ ಇಷ್ಟೇ ಸಾಕು ಎಂದು ಹೆಂಡತಿ ಬಟ್ಟಲು ಮುಚ್ಚಿಟ್ಟಳು. ಇಬ್ಬರೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಅದರ ಮುಖ, ಮೈ, ಕೈಕಾಲು ನೋಡುತ್ತ ಕುಳಿತರು. ದದ್ದಿಲ್ಲ, ವಾಂತಿಯಿಲ್ಲ, ಮಗು ನಗುತ್ತಿತ್ತು. ನೀವು ಪಾಸು ಎಂದಳು ಹೆಂಡತಿ. ಅಮ್ಮ ಬರುವುದು ಬೇಡವೆಂದು ಈಗಲೇ ಹೇಳಿಬಿಡುತ್ತೇನೆ ಎಂದು ಫೋನು ಕೈಗೆತ್ತಿಕೊಂಡಳು.

ಇದರಿಂದ ಗಂಡನ ಹೊಟ್ಟೆಗೆ ಹಾಲು ಹೊಯ್ದಂತಾಗಬೇಕಿತ್ತು. ಆಗಲಿಲ್ಲ. ಮಗುವನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಖಾಲಿ ಚಮಚ ಹಿಡಿದು, ಅವನು ಒಬ್ಬನೇ ಗೋಡೆಯ ಕಪಾಟಿನೊಂದಿಗೆ ಜಗಳ ತೆಗೆದು ನೋಡಿದ. ಕಪಾಟು ಎದುರು ಮಾತಾಡಲಿಲ್ಲ. ಗುಂಡಮ್ಮ ಅಪ್ಪನನ್ನು ಕನಿಕರದಿಂದ ನೋಡಿ ತುಟಿ ಬಿಗಿದಳು. ನಾಳೆ ಹಗಲಿಡೀ ಮನೆಯಲ್ಲಿ ಇವನು, ಇವಳು, ಕಪಾಟು. ಅವನು ಎದ್ದು ಹೋಗಿ ಆಗಲೇ ರಿಂಗ್ ಆಗುತ್ತಿದ್ದ ಫೋನನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡ, ಆ ಕಡೆಯ ದನಿ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದ.

ಗಂಡ: ಅತ್ತೆ, ನಾನು. ಸಂಜೆ ಬಸ್ಸಿಗೆ ಬಂದ್ಬಿಡಿ.

ಅತ್ತೆ: ಯಾಕೆ ಅಳಿಯಂದ್ರೆ, ದೊಡ್ಡ ಹೋಟೆಲಿನವರಿಗೆ ಒಂದು ಮೊಟ್ಟೆ ಬೇಯಿಸೋಕೆ ಬರ್ಲಿಲ್ವಾ?

ಗಂಡ: ಬೇಯಿಸಿದೀನಿ, ತಿಂದಿದಾಳೆ. ಆದ್ರೆ ಪಕ್ಕದಲ್ಲಿ ಯಾರಾದ್ರೂ ನನ್ನ ಬೈತಾ ಇದ್ರೆ ಮಾತ್ರ ಬಾಯಿ ತೆಗೀತಾಳೆ. ಅದಕ್ಕೆ ನಿಮ್ಮನ್ನ ಬಿಟ್ರೆ ನನಗೆ ಬೇರೆ ಯಾರಿದಾರೆ?

ಆ ಕಡೆ ಅತ್ತೆ ಗಂಟಲು ಸರಿಮಾಡಿಕೊಂಡರು.

ಅತ್ತೆ: ಬೈಯೋಕೆ ಬಸ್ ಹತ್ತಬೇಕಾ? ಊಟದ ಹೊತ್ತಿಗೆ ಒಂದು ಫೋನ್ ಮಾಡಿ, ಸಾಕು. ದಿನಕ್ಕೆ ಎಷ್ಟು ಸಲ ತಿನ್ನಿಸ್ತೀರಿ?

ಗಂಡ: ಈಗ ಎರಡು ಸಲ. ಮುಂದಿನ ತಿಂಗಳಿಂದ ಮೂರು ಸಲ ಅಂದಿದಾರೆ ನರ್ಸಮ್ಮ.

ಕುರ್ಚಿಯಲ್ಲಿ ಗುಂಡಮ್ಮ ಫೋನಿನ ಕಡೆ ಕತ್ತು ತಿರುಗಿಸಿ ಆಗಲೇ ಬಾಯಿ ತೆರೆದಿದ್ದಳು.

ಅತ್ತೆ: ಮೂರು ಸಲಾನಾ? ಹಾಗಾದ್ರೆ ಇರಿ, ನಾನೇ ಬರ್ತೀನಿ. ನಿಮ್ಮ ಮದುವೆ ಆದಾಗಿಂದ ಬೈಬೇಕಾದ್ದನ್ನೆಲ್ಲ ಮನಸ್ಸಲ್ಲೇ ಇಟ್ಕೊಂಡಿದೀನಿ, ಅದು ಫೋನಲ್ಲಿ ಮುಗಿಯೋದಲ್ಲ.