ಹಾರದ ಮಿಂಚುರಾಯ

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನಲ್ಲಿ ಬಯ್ಯಪ್ಪನ ಬಲಗಿವಿಗೆ ಇದ್ದ ಮರ್ಯಾದೆ ತಹಸೀಲ್ದಾರರ ಜೀಪಿಗೂ ಇರಲಿಲ್ಲ. ರೇಷ್ಮೆಗೂಡೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಹುಳ ಗಟ್ಟಿಯಾಗಿದೆಯೋ ಸತ್ತು ಕರಗಿದೆಯೋ, ಯಾವ ಊರಿನ ಸೊಪ್ಪು ತಿಂದಿತ್ತು, ಸಾಕಿದವನು ಆ ವಾರ ಹೆಂಡತಿ ಜೊತೆ ಜಗಳವಾಡಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದ. ಗಲಗಲ ಅಂದರೆ ಒಳ್ಳೆ ಗೂಡು. ಸದ್ದಿಲ್ಲದಿದ್ದರೆ ಕೆಟ್ಟಿದ್ದು. ಗೂಡಿನಿಂದ ನೂಲು ಬಿಚ್ಚುವ ಸಾಹುಕಾರರಿಗೆ ಹದಿನೆಂಟು ವರ್ಷ ಗೂಡು ಆರಿಸಿಕೊಟ್ಟ ಆ ಕಿವಿ ಮೋಸ ಹೋದದ್ದು ಒಂದೇ ಸಲ, ತಾಜ್ ಪಾಷಾ ಅವರ ಆಟದ ಸಾಮಾನಿನ ಅಂಗಡಿಯಲ್ಲಿ.

ಅವತ್ತು ಅವನು ಕೊಳ್ಳಬೇಕಾಗಿದ್ದದ್ದು ಮಿಂಚುರಾಯನ ಗೊಂಬೆ. ಆ ವರ್ಷ ಮಿಂಚುರಾಯ ಸಿನಿಮಾ ಬಂದದ್ದೇ ಬಂದದ್ದು, ತಾಲ್ಲೂಕಿನ ನಾಯಿಗಳೂ ಕತ್ತಿಗೆ ಕೆಂಪು ಟವಲು ಕಟ್ಟಿಕೊಂಡು ಕಾಂಪೌಂಡು ಹಾರುತ್ತಿದ್ದವು. ಟೀವಿ ಹಾಕಿದರೆ ಅದೇ ಜಾಹೀರಾತು: ಒಬ್ಬ ಹುಡುಗ ಡಬ್ಬ ಬಿಚ್ಚುತ್ತಾನೆ, ಗೊಂಬೆ ಭರ್ರೆಂದು ಹೋಗಿ ಮೋಡ ಸೇರುತ್ತದೆ.

ಬಯ್ಯಪ್ಪನಿಗೆ ಅದು ಆಟದ ಮಾತಾಗಿರಲಿಲ್ಲ. ಹೆಂಡತಿ ಯಶೋಧರಾ ಮಗಳು ತನುಜಳನ್ನು ಕರೆದುಕೊಂಡು ಚಿಂತಾಮಣಿಯ ತವರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಕಾರಣ ಕುಡಿತವಲ್ಲ, ಹೊಡೆತವಲ್ಲ. ಬರೀ ಮಾತು. ಸೈಕಲ್ ತರ್ತೀನಿ ಅಂದಿದ್ದ, ತರಲಿಲ್ಲ. ಅಂಬಾಜಿದುರ್ಗದ ಬೆಟ್ಟ ಹತ್ತಿಸ್ತೀನಿ ಅಂದಿದ್ದ, ಹತ್ತಿಸಲಿಲ್ಲ. ಮಗಳು ಸ್ಕೂಲಿನ ನಾಟಕದಲ್ಲಿ ಮೊಲವಾಗಿ ನಿಂತು ಅಪ್ಪನನ್ನು ಹುಡುಕುತ್ತಿದ್ದಾಗ ಅಪ್ಪ ಹರಾಜಿನಲ್ಲಿ ಗೂಡು ಅಲ್ಲಾಡಿಸುತ್ತಿದ್ದ. ಈಗ ಮನೆಯ ಒಲೆ ಎಷ್ಟು ತಣ್ಣಗಿತ್ತೆಂದರೆ ಪಕ್ಕದ ಮನೆ ಬೆಕ್ಕು ಬಂದು ಅದರಲ್ಲೇ ಮರಿ ಹಾಕಿತ್ತು.

ಬೆಳಿಗ್ಗೆ ಯಶೋಧರಾ ಫೋನಿನಲ್ಲಿ ಅಂದಿದ್ದಳು: "ಇವತ್ತು ಮಗೂಗೆ ಎಂಟು ತುಂಬ್ತು. ಮಿಂಚುರಾಯನ ಗೊಂಬೆ ಒಂದು ಕೇಳವ್ಳೆ. ಸಾಯಂಕಾಲದೊಳಗೆ ತಂದ್ರೆ ನಾವೂ ನಿಮ್ ಜೊತೇಲೇ ಬಂದ್ಬಿಡ್ತೀವಿ. ಇಲ್ಲಾಂದ್ರೆ ನಾಳೆ ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ, ಅಷ್ಟೇ."

ತಾಜ್ ಪಾಷಾ ತೆಗೆದುಕೊಟ್ಟ ಡಬ್ಬ ಮದುವೆ ಟ್ರಂಕಿನಷ್ಟಿತ್ತು. ಮೇಲೆ ಆಕಾಶ, ಮಿಂಚು, ನಡುವೆ ಹಾರುವ ಮಿಂಚುರಾಯ. ಬಯ್ಯಪ್ಪ ಅಭ್ಯಾಸಬಲದಿಂದ ಅದನ್ನು ಬಲಗಿವಿಗೆ ಎತ್ತಿ ಅಲ್ಲಾಡಿಸಿದ. ಗಲಗಲಗಲ!

"ಭರ್ತಿ ಮಾಲು ಪಾಷಾ ಭಾಯ್! ಕಟ್ಟಿ."

"ಬಿಚ್ಚಿ ನೋಡ್ಕೊಳ್ಳಿ ಬಯ್ಯಣ್ಣಾ."

"ಈ ಕಿವಿ ಇರೋವಾಗ ಬಿಚ್ಚೋದ್ಯಾಕೆ?"

ಡಬ್ಬ ಹೊತ್ತುಕೊಂಡು, ಅವತ್ತಿನ ಮಟ್ಟಿಗೆ ರಜ ಹೇಳಿ ಹೋಗೋಣವೆಂದು ಮಾರ್ಕೆಟ್ಟಿಗೆ ಬಂದ. ಅದೇ ತಪ್ಪಾಯಿತು. ಗೂಡು ತೂಕ ಹಾಕುವ ಆವುಲಪ್ಪ ಅಲ್ಲಿದ್ದ. ಬೇರೆಯವರ ಮನೆ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಹೇಳದಿದ್ದರೆ ಆವುಲಪ್ಪನಿಗೆ ತನ್ನ ಮನೆ ಊಟ ಇಳಿಯುತ್ತಿರಲಿಲ್ಲ.

"ಏಮ್ರಾ ಬಯ್ಯಪ್ಪ, ಮಗಳ ಕೈಗೆ ಕೊಡೋಕ್ಮುಂಚೆ ಹಾರಿಸಿ ನೋಡ್ಬೇಡ್ವಾ? ಅಲ್ಲೋಗಿ ಹಾರಲಿಲ್ಲ ಅಂದ್ರೆ ಅತ್ತೆಮನೆ ಮುಂದೆ ನಿನ್ ಮುಖ ಎಲ್ಲಿಡ್ತೀಯ?"

ಬಿಚ್ಚಿದರು. ರಟ್ಟಿನೊಳಗೆ ರಟ್ಟು, ಅದರೊಳಗೆ ಗಾಳಿ, ಗಾಳಿಯ ಒಂದು ಮೂಲೆಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಮಿಂಚುರಾಯ. ಬಯ್ಯಪ್ಪ ಡಬ್ಬದ ಮೇಲಿನ ಚಿತ್ರವನ್ನೂ ಗೊಂಬೆಯನ್ನೂ ಎರಡೆರಡು ಸಲ ನೋಡಿದ. ಆದರೂ ಮೆಟ್ಟಿಲ ಮೇಲೆ ನಿಂತು ಬೀಸಿ ಎಸೆದ. ಮಿಂಚುರಾಯ ಕಲ್ಲಿನಷ್ಟೇ ಶ್ರದ್ಧೆಯಿಂದ ಕೆಳಗೆ ಬಂದು ತೊಂಡೇಬಾವಿ ರೈತನೊಬ್ಬನ ಗೂಡಿನ ರಾಶಿಯಲ್ಲಿ ತಲೆಕೆಳಗಾಗಿ ನೆಟ್ಟುಕೊಂಡ.

"ಯಾವನ್ಲಾ ಅವ್ನು, ನನ್ನ ಗೂಡಿಗೆ ಹೆಣ ಎಸೆದೋನು!" ಎಂದು ರೈತ ಕೂಗಿದ. ಹರಾಜು ನಿಂತೇಹೋಯಿತು. ಮಾರ್ಕೆಟ್ಟು ನಕ್ಕ ಸದ್ದಿಗೆ ಚಿಕ್ಕಬಳ್ಳಾಪುರದಲ್ಲಿ ಕಾಗೆಗಳು ಎದ್ದವಂತೆ. ನಗದವನು ಬಯ್ಯಪ್ಪ ಒಬ್ಬನೇ. ಅವನ ಕಣ್ಣ ಮುಂದೆ ಮಗಳ ಹೊಸ ಸ್ಕೂಲಿನ ಯೂನಿಫಾರಂ ಬಂದು ನಿಂತಿತ್ತು.

"ಬಿಡಬೇಡ ಕಣೋ!" ಆವುಲಪ್ಪ ತೋಳೇರಿಸಿದ. "ಇದು ಮೋಸ! ಇವತ್ತು ನೀನು ಸುಮ್ನಾದ್ರೆ ನಾಳೆ ದೇಶದ ಮಕ್ಕಳ ಗತಿಯೇನು?"

ದೇಶದ ಮಕ್ಕಳ ಪರವಾಗಿ ಇನ್ನೂರು ಜನ ಅಂಗಡಿಗೆ ನುಗ್ಗಿದರು. ತಾಜ್ ಪಾಷಾ ಸ್ವಲ್ಪವೂ ಹೆದರದೆ ಡಬ್ಬದ ತಳ ತಿರುಗಿಸಿ, ಇರುವೆ ನಡೆದುಹೋದಂತಿದ್ದ ಅಕ್ಷರ ತೋರಿಸಿದರು.

"ಚಿತ್ರದಲ್ಲಿರೋ ಮೋಡ, ಮಿಂಚು, ಹಾರಾಟ ಒಳಗಿರಲ್ಲ ಅಂತ ಬರ್ದವ್ರೆ ಭಾಯ್. ನನಗೂ ಹನ್ನೆರಡು ಡಬ್ಬ ತರಿಸಿದ್ಮೇಲೇ ಗೊತ್ತಾಗಿದ್ದು. ನಿನ್ನೇನೇ ಬಂದಿದ್ದು, ಒಂದೂ ಹೋಗಿರಲಿಲ್ಲ, ನಿಮ್ಮದೇ ಬೋಣಿ."

ಬಯ್ಯಪ್ಪ ಸ್ಟೂಲು ಹತ್ತಿದ. ಗೊಂಬೆಯನ್ನು ಎತ್ತಿ ಹಿಡಿದು, ಜೀವಮಾನದಲ್ಲಿ ಮಾಡದ ಭಾಷಣ ಮಾಡಿದ. "ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಸುಳ್ಳು, ಕೆಳಗೆ ಇಷ್ಟು ಚಿಕ್ಕ ಅಕ್ಷರದಲ್ಲಿ ನಿಜ! ಇದನ್ನ ಮಗು ಕೈಗೆ ಕೊಟ್ರೆ ಅಪ್ಪನ್ನೇ ಸುಳ್ಳ ಅಂತದೆ!" ಕೊನೆಯ ಮಾತಿಗೆ ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಜನ ಅದನ್ನು ಆವೇಶವೆಂದುಕೊಂಡು ಚಪ್ಪಾಳೆ ಹೊಡೆದರು. ತಾಜ್ ಪಾಷಾ ಗೊಂಬೆ ವಾಪಸು ಇಟ್ಟುಕೊಂಡು ದುಡ್ಡು ಕೈಗಿಟ್ಟರು. ಶಿಡ್ಲಘಟ್ಟದ ಚರಿತ್ರೆಯಲ್ಲಿ ಮಾರಿದ ಸಾಮಾನಿಗೆ ದುಡ್ಡು ವಾಪಸು ಬಂದದ್ದು ಅದೇ ಮೊದಲು. ಜನ ಬಯ್ಯಪ್ಪನನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಚಿಂತಾಮಣಿ ಬಸ್ಸಿನ ಕಿಟಕಿ ಸೀಟಿನಲ್ಲೇ ಕೂರಿಸಿದರು.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ಗೊಂಬೆ ಇಲ್ಲದಿದ್ದರೇನು, ಮಗಳಿಗೆ ಸುಳ್ಳು ಮುಟ್ಟಿಸದ ಅಪ್ಪ ಬರುತ್ತಿದ್ದಾನೆ. ಅದಕ್ಕಿಂತ ದೊಡ್ಡ ಉಡುಗೊರೆ ಯಾವುದು?

ತನುಜ ಬಾಗಿಲಲ್ಲೇ ನಿಂತಿದ್ದಳು. ಮೊದಲು ಅಪ್ಪನ ಕೈ ನೋಡಿದಳು, ಆಮೇಲೆ ಚೀಲ, ಆಮೇಲೆ ಮುಖ. ಬಯ್ಯಪ್ಪ ಜಗಲಿಯಲ್ಲಿ ಕೂತು ಇಡೀ ಯುದ್ಧ ವರ್ಣಿಸಿದ. ಇನ್ನೂರು ಜನ ಎರಡು ಸಾವಿರವಾದರು.

ಮಗಳು ಪೂರ್ತಿ ಕೇಳಿ ಅಂದಳು: "ಅದು ಹಾರಲ್ಲ ಅಂತ ನಂಗೊತ್ತಲ್ಲಪ್ಪ."

"ಹೆಂಗೆ?"

"ಪಕ್ಕದ್ಮನೆ ಸನಾ ಹತ್ರ ಐತಲ್ಲ, ದಿನಾ ಆಡ್ತೀವಿ. ಹಾರೋದು ಟೀವೀಲಿ ಅಷ್ಟೆ. ನಾನು ಗೊಂಬೆ ತಾ ಅಂದಿದ್ದು. ಹಾರೋದು ತಾ ಅಂದ್ನಾ?"

ಒಳಗೆ ಹೋಗಿ ಏನನ್ನೋ ತಂದು ಮುಂದಿಟ್ಟಳು. ಬೆಂಕಿಪೊಟ್ಟಣ ಅಂಟಿಸಿ ಮಾಡಿದ ಗೇಣುದ್ದದ ಮಂಚ. ಮೇಲೆ ಹಳೇ ಲಂಗದ ಚೂರಿನಲ್ಲಿ ಹೊಲಿದ ಪುಟ್ಟ ಕೌದಿ. ಗೊಂಬೆಗೆ ಒಂದು ಕೂದಲಷ್ಟೂ ಹೆಚ್ಚುಕಮ್ಮಿಯಾಗದ ಅಳತೆ.

ಬಯ್ಯಪ್ಪ ದುಡ್ಡು ಹಿಡಿದು ಪೇಟೆಗೆ ಓಡಿದ. ಮೂರು ಅಂಗಡಿ ಸುತ್ತಿದ, ಮೂರರಲ್ಲೂ ಮಿಂಚುರಾಯ ಹೋದ ವಾರವೇ ಖಾಲಿ. ಕಾಯಿನ್ ಫೋನಿಗೆ ರೂಪಾಯಿ ಹಾಕಿ ತಾಜ್ ಪಾಷಾರನ್ನು ಹಿಡಿದ.

"ಅರೆ ಬಯ್ಯಣ್ಣಾ! ನಿಮ್ ಭಾಷಣ ಮುಗೀತಾನೇ ಜನ ಮುಗಿಬಿದ್ರು. ಹಾರಲ್ಲ ಅಂತ ಹೇಳ್ಹೇಳಿ ಮಾರ್ದೆ, ಆದ್ರೂ ಬಿಡಲಿಲ್ಲ. ಹನ್ನೆರಡೂ ಹೋಯ್ತು!"

"ನಾನು ವಾಪಸ್ ಕೊಟ್ಟಿದ್ದು?"

"ಅದನ್ನ ಆವುಲಪ್ಪ ತಗೊಂಡ್ರು. ಬಿಚ್ಚಿರೋ ಡಬ್ಬ ಅಂತ ಹತ್ತು ರೂಪಾಯಿ ಕಮ್ಮಿ ಮಾಡಿಸ್ಕೊಂಡ್ರು."

ವಾಪಸು ಬಂದಾಗ ಜಗಲಿಯಲ್ಲಿ ದೀಪ ಹಚ್ಚಿತ್ತು. ಬೆಳಿಗ್ಗೆಯೇ ಕಟ್ಟಿಟ್ಟಿದ್ದ ಬಟ್ಟೆಗಂಟನ್ನು ಯಶೋಧರಾ ಬಿಚ್ಚಿ ಬಟ್ಟೆಗಳನ್ನು ಗೂಟಕ್ಕೆ ಹಾಕುತ್ತಿದ್ದಳು. ತನುಜ ಖಾಲಿ ಮಂಚದ ಮೇಲೆ ಕೌದಿ ಸರಿಯಾಗಿ ಹೊದಿಸಿ, ಅಂಚು ಒತ್ತಿ, ಅದನ್ನು ಅಲಮಾರಿಯ ಮೇಲಿನ ಅರೆಗೆ ಎತ್ತಿಟ್ಟಳು.

"ಕೈ ತೊಳ್ಕೊಳ್ಳಿ," ಅಂದಳು ಯಶೋಧರಾ, ತಿರುಗಿ ನೋಡದೆ. "ಊಟ ಮಾಡ್ಕೊಂಡು ಹೊರಡಿ. ಏಳೂವರೆ ಬಸ್ಸು ತಪ್ಪಿದ್ರೆ ಆಮೇಲೆ ಯಾವ್ದೂ ಇಲ್ಲ."